ಸ್ಟಿಯರಿಂಗ್ ಮೇಲಿನ ಬೆರಳು

ಕಿಲ್‌ಕೊರನ್, ಮೇಯೋ ಕೌಂಟಿ
ಮೇ 19, ಭಾನುವಾರ

ಟೈಗ್‌ಗೆ,

ಮೊದಲು ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ.

ನೀನು ಮನೆ ಬಿಟ್ಟು ನಿನ್ನಣ್ಣನ ಮನೆ ಸೇರಿದ ಮೇಲೆ ನಿನಗೆ ಕಾಗದ ಬರೆದವಳಲ್ಲ ನಾನು. ಆದರೆ ಇದು ಫೋನಿನಲ್ಲಿ ಆಡುವ ಮಾತಲ್ಲ. ಪೊಲೀಸರು ಯಾರ ಫೋನ್ ಒಯ್ದಿದ್ದಾರೆ, ಯಾರದ್ದನ್ನು ಬಿಟ್ಟಿದ್ದಾರೆ ಎಂಬುದೇ ಈಗ ಊರಿನಲ್ಲಿ ಗೊತ್ತಾಗುವುದಿಲ್ಲ.

ಸನ್ಯಾಸಿನಿಯರು ಬಿಟ್ಟುಹೋದ ಆ ಹಳೇ ಕಾನ್ವೆಂಟ್ ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಬೇರೆ ದೇಶಗಳಿಂದ ಆಶ್ರಯ ಕೇಳಿ ಬಂದವರನ್ನು ಸರ್ಕಾರ ಅಲ್ಲಿ ಇರಿಸುತ್ತದೆ ಎಂದಾಗ ಊರಿಗೆ ಊರೇ ಬೇಡವೆಂದು ಗೇಟಿನ ಮುಂದೆ ನಿಂತಿತ್ತು. ನಾನೂ ನಿಂತಿದ್ದೆ. ಇರುವ ಒಬ್ಬ ಡಾಕ್ಟರಿಗೇ ಜನ ಸಾಲುಗಟ್ಟುತ್ತಾರೆ, ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ ಎಂಬುದು ನನ್ನ ಸಿಟ್ಟಾಗಿತ್ತು. ಈಗ ನೋಡು, ಇವತ್ತು ಚರ್ಚಿನ ಮಾಸ್‌ನಲ್ಲಿ ‘ಶಾಂತಿ’ ಎಂದು ಕೈ ಕುಲುಕುವಾಗ ಒಬ್ಬರು ಇನ್ನೊಬ್ಬರ ಅಂಗೈ ತಿರುಗಿಸಿ ನೋಡದಿದ್ದದ್ದೇ ಹೆಚ್ಚು. ಸುಟ್ಟ ಗಾಯ ಯಾರ ಕೈಯಲ್ಲಿದೆಯೋ ಎಂಬ ಗುಮಾನಿ ಎಲ್ಲರಿಗೂ.

ಸಾರ್ಜೆಂಟ್ ಹೆನಹನ್ ಬೇಕರಿಗೆ ಬಂದಿದ್ದ. ಅವನ ಭಾವಮೈದುನನೂ ಗೇಟಿನ ಮುಂದೆ ನಿಂತವನೇ, ಹಾಗಾಗಿ ಅವನ ಒಂದೊಂದು ಪ್ರಶ್ನೆಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಜೊತೆಗೆ ಡಬ್ಲಿನ್ನಿನಿಂದ ಬಂದ ಪತ್ತೇದಾರಿ ಅಧಿಕಾರಿ, ಕ್ಯಾನವನ್ ಎಂಬಾಕೆ. ಬೆಂಕಿ ಬಿದ್ದ ದಿನ ಬೆಳಗ್ಗೆ ಕೆಲಸಕ್ಕೆ ನಡೆದು ಬರುವಾಗ ಏನು ಕಂಡೆ ಎಂದು ಕೇಳಿದಳು. ಕಾನ್ವೆಂಟ್ ಕಡೆಯಿಂದ ಬಿಳಿ ವ್ಯಾನ್ ಬಂತು, ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು, ಓಡಿಸುವವನು ಮುಖ ಮುಚ್ಚಿದ್ದ ಎಂದೆ. ಅಷ್ಟೂ ನಿಜ. ಆಗ ಹೆನಹನ್ ಗಾಜಿನೊಳಗಿನ ಬ್ರೆಡ್ ನೋಡುತ್ತಲೇ ಕೇಳಿದ:

“ಬೆರಳು ಎತ್ತಿದ್ನಾ, ಮಜೆಲ್ಲಾ?”

ಕ್ಯಾನವನ್‌ಗೆ ಅದು ಅರ್ಥವಾಗಲಿಲ್ಲ. ಎದುರಿಗೆ ಯಾರೇ ಬರಲಿ, ನಮಸ್ಕಾರವೆಂದು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು ನಮಗೆ ಉಸಿರಾಡಿದ ಹಾಗೆ. ಡಬ್ಲಿನ್ನಿನಲ್ಲಿ ಹಾಗೆ ಮಾಡಿದರೆ ತಲೆ ಕೆಟ್ಟಿದೆ ಎಂದಾರು. ನಾನು ಇಲ್ಲ ಎಂದೆ.

“ಹಂಗಾದ್ರೆ ಹೊರಗಿನೋರೇ ಬಿಡು,” ಎಂದ ಹೆನಹನ್. ಸಂಜೆಯೊಳಗೆ ಪಬ್ಬಿನಲ್ಲೆಲ್ಲ ಅದೇ ಮಾತು. ಅವನು ತಿಳಿದುಕೊಳ್ಳಲು ಕೇಳಿದನೋ, ನಾನು ಬಾಯಿ ಬಿಡುತ್ತೇನೋ ಎಂದು ಅಳೆಯಲು ಕೇಳಿದನೋ, ಇವತ್ತಿಗೂ ಬಗೆಹರಿದಿಲ್ಲ.

ನೀನು ಬೆರಳು ಎತ್ತಿದ್ದೆ, ಟೈಗ್. ಮುಖ ಮುಚ್ಚಿ, ಪ್ಲೇಟಿಗೆ ಕೆಸರು ಬಳಿದು, ಯಾರದೋ ವ್ಯಾನ್ ತಂದು, ಇಷ್ಟೆಲ್ಲ ಹುಷಾರಿ ಮಾಡಿದವನು ರಸ್ತೆಯಲ್ಲೊಬ್ಬ ಹೆಂಗಸು ಕಂಡ ಕೂಡಲೇ ಬೆರಳು ಎತ್ತಿಬಿಟ್ಟೆ. ಅದೂ ನಡುಬೆರಳು. ಮರದ ಮಿಲ್ಲಿನಲ್ಲಿ ತೋರುಬೆರಳು ಹೋದ ಮೇಲೆ ನೀನು ಎತ್ತುವುದು ಅದನ್ನೇ. ಬಾಡಿಗೆ ಕಾರಿನ ಪ್ರವಾಸಿಗಳು ಬೈದೆ ಎಂದುಕೊಂಡು ಕಿಟಕಿ ಇಳಿಸಿ ಜಗಳಕ್ಕೆ ಬರುತ್ತಿದ್ದರು, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವತ್ತು ಬೆಳಗ್ಗೆ ಅದೇ ಬೆರಳು ನೋಡಿ ನಾನು ಕಲ್ಲುಗೋಡೆ ಹಿಡಿದು ನಿಂತೆ.

ಆ ಹೊತ್ತಿಗೆ ಅಣ್ಣನ ಮನೆಯಲ್ಲಿ ಮಲಗಿದ್ದೆ ಎಂದು ಹೇಳಿಕೆ ಕೊಟ್ಟಿದ್ದೀಯಂತೆ. ಕ್ಯಾನವನ್ ಮತ್ತೊಮ್ಮೆ ಒಬ್ಬಳೇ ಬಂದಾಗ ತಿಳಿಯಿತು. ಕಾನ್ವೆಂಟಿನ ಕಾವಲುಗಾರ ಬಖಿತ್ ಗಾಲ್ವೇ ಆಸ್ಪತ್ರೆಯಲ್ಲಿದ್ದಾನೆ. ಸುಡಾನಿನಿಂದ ಬಂದು ತಾನೂ ಇಲ್ಲಿ ಆಶ್ರಯ ಪಡೆದವನು ಅವನು. ಕಾದ ಕಿಟಕಿಯ ಕಬ್ಬಿಣ ತಳ್ಳಿ ಹೊರಬಿದ್ದನಂತೆ, ಎರಡೂ ಕೈ ಬೆಂದುಹೋಗಿವೆಯಂತೆ. ಕ್ಯಾನವನ್ ಹೊರಡುವಾಗ ಹೇಳಿದಳು: “ಒಳಗೆ ಮನುಷ್ಯ ಇದ್ದಾನೆ ಅಂತ ಬೆಂಕಿ ಇಟ್ಟೋನಿಗೆ ಗೊತ್ತಿತ್ತಾ, ನಂಗೆ ಅದು ಬೇಕು. ಗೊತ್ತಿದ್ರೆ ಇದು ಬರೀ ಕಟ್ಟಡ ಸುಟ್ಟ ಕೇಸಲ್ಲ.”

ಊರವರೆಲ್ಲ ಖಾಲಿ ಕಟ್ಟಡ ಎನ್ನುತ್ತಿದ್ದರು. ನೀನೂ ಹಾಗೆಯೇ ತಿಳಿದಿದ್ದೆ ಎಂದು ನಂಬುವ ಆಸೆ ನನಗೆ. ಶುಕ್ರವಾರದೊಳಗೆ ನೀನಾಗಿಯೇ ಕ್ಯಾನವನ್ ಹತ್ತಿರ ಹೋಗು, ಹೆನಹನ್ ಹತ್ತಿರ ಬೇಡ. ಒಳಗೆ ಜನ ಇರುವುದು ಗೊತ್ತಿರಲಿಲ್ಲ ಎಂದು ಹೇಳು. ನಾನೂ ಬಂದು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ನಿನ್ನ ಮೇಲೆ ಕೆಂಡದಂಥ ಸಿಟ್ಟಿದೆ, ಹಾಳು ಪ್ರೀತಿಯೂ ಪೂರ್ತಿ ಹೋಗಿಲ್ಲ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ
ಮಜೆಲ್ಲಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದಿದ್ದೇನೆ. ಒಂದು ಸಂಗತಿ ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ಬೆಂಕಿಗೆ ಮುಂಚಿನ ವಾರ ನಿನ್ನ ಸುತ್ತಿಗೆ ಒಯ್ಯಲು ಬಂದಿದ್ದೆಯಲ್ಲ, ಆಗ ಬಖಿತ್‌ನ ಮಾತು ತೆಗೆದವಳು ನಾನೇ. ಪಾಪ, ಆ ಥಂಡಿ ಕಟ್ಟಡದಲ್ಲೇ ಮಲಗುತ್ತಾನೆ, ಬೇಕರಿ ತೆರೆದ ಕೂಡಲೇ ಬಿಸಿ ಬ್ರೆಡ್ಡಿಗೆ ಬರುತ್ತಾನೆ ಎಂದೆ. ಯಾವ ಕಡೆ ಮಲಗುತ್ತಾನೆ ಎಂದು ನೀನು ಕೇಳಿದೆ. ಹಿಂದಿನ ಅಡುಗೆಮನೆಯಲ್ಲಿ ಎಂದೆ. ಬೆಂಕಿ ಶುರುವಾದದ್ದು ಅಲ್ಲಿಂದಲೇ. ಶುಕ್ರವಾರದವರೆಗೆ ಕಾಯುವುದಿಲ್ಲ. ಕ್ಯಾನವನ್‌ಗೆ ಈಗಷ್ಟೇ ಫೋನ್ ಮಾಡಿ ಎಲ್ಲ ಹೇಳಿದೆ. ಈ ಕಾಗದ ತಲುಪುವ ಮೊದಲೇ ಅವಳು ನಿನ್ನ ಬಾಗಿಲು ತಟ್ಟಿರುತ್ತಾಳೆ. ಆದರೂ ಕಳಿಸುತ್ತಿದ್ದೇನೆ. ಹೇಳಿದ್ದು ಯಾರು ಎಂದು ಊರಿನಲ್ಲಿ ಬೇರೆ ಯಾರನ್ನೂ ಅನುಮಾನಿಸಬೇಡ.