ನಾಲ್ಕೆಲೆ ಆಟದ ಪುಸ್ತಕ

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಬೆಳಗಿನಿಂದ ಅಂಗಡಿಯಲ್ಲಿ ಐದು ಜೊತೆ ಕನ್ನಡಕದ ಲೆನ್ಸ್ ಉಜ್ಜಿದೆ. ಆರನೆಯದರ ಅಂಚು ಚೂರಾಯಿತು. ಮಾಲೀಕರು ತಮ್ಮ ಕನ್ನಡಕದ ಮೇಲಿಂದ ನೋಡಿದರು. ಮೆಷಿನ್ನಿನ ತಪ್ಪಲ್ಲ. ತಲೆಯೊಳಗೆ ನಿನ್ನೆಯ ಮಾತೇ ಗಿರಗಿರ ತಿರುಗುತ್ತಿತ್ತು.

ಕ್ಲಬ್ಬಿನ ಭಾನುವಾರದ ಪೋಕರ್ ಮೇಜು. ಈಗ ಎಲ್ಲರಿಗೂ ಪಾಟ್ ಲಿಮಿಟ್ ಒಮಾಹಾ ಹುಚ್ಚು. ಕೈಗೆ ಎರಡರ ಬದಲು ನಾಲ್ಕೆಲೆ. ಮೂರನೇ ಸುತ್ತಿಗೇ ನನ್ನ ಪಣದ ಬಿಲ್ಲೆಗಳೆಲ್ಲ ಖಾಲಿ. ಮಾಜಿ — ಗಂಡ ಎಂದು ಬರೆಯಲು ಪೆನ್ನು ಒಪ್ಪುವುದಿಲ್ಲ — ಎಲ್ಲರೆದುರು ಹೇಳಿದ: "ನಿಂಗೆ ಇದೆಲ್ಲ ಯಾಕೆ? ರಮ್ಮಿ ಆಡ್ಕೊಂಡು ಆರಾಮಾಗಿರು."

ಡೈವೋರ್ಸ್ ಆಗಿ ಒಂದೂವರೆ ವರ್ಷ. ಮನೆ ಬಿಟ್ಟೆ, ಫ್ರಿಜ್ ಬಿಟ್ಟೆ. ಕ್ಲಬ್ ಬಿಡುವುದಿಲ್ಲ. ಬೇಕಿದ್ದರೆ ಅವನೇ ಬಿಡಲಿ.

ಓದಿಯಾದರೂ ಕಲಿಯುತ್ತೇನೆ.

ಮಾರ್ಚ್ 5

ಹಳೇ ಪುಸ್ತಕದಂಗಡಿ. ಒಮಾಹಾದ ಮೇಲೆ ಮೂರೇ ಇದ್ದವು. ಒಂದು ಇಟ್ಟಿಗೆಯಷ್ಟು ದಪ್ಪ, ಒಳಗೆ ಬರೀ ಲೆಕ್ಕ. ಇನ್ನೊಂದರಲ್ಲಿ ಬರೆದವನು ತಾನು ಎಲ್ಲೆಲ್ಲಿ ಗೆದ್ದೆ ಎಂದು ಕೊಚ್ಚಿಕೊಂಡಿದ್ದೇ ಅರ್ಧ. ಮೂರನೆಯದು ತೆಳ್ಳಗೆ, ಬೆನ್ನು ಮುರಿದದ್ದು, ಪುಟದ ಅಂಚಿಗೆಲ್ಲ ಪೆನ್ಸಿಲ್ಲಿನಲ್ಲಿ ಯಾರೋ ಗೀಚಿದ್ದು. ಕಲಿಯುವವರಿಗೆ ತೆಳ್ಳಗಿನದೇ ಸರಿ, ದಪ್ಪದ್ದು ಒಯ್ದವರೆಲ್ಲ ವಾಪಸ್ ತರುತ್ತಾರೆ ಎಂದಳು ಅಂಗಡಿಯಾಕೆ.

ದಪ್ಪದ್ದನ್ನೇ ತಂದೆ. ನನಗೇನು ತಲೆ ಇಲ್ಲವೇ.

ಮಾರ್ಚ್ 9, ಭಾನುವಾರ

ಕ್ಲಬ್ಬಿಗೆ ಹೋಗಲಿಲ್ಲ. ನಾಲ್ಕು ದಿನಕ್ಕೆ ಹನ್ನೊಂದು ಪುಟ. ಕಬ್ಬಿಣದ ಕಡಲೆ. ತಿಳಿದದ್ದು ಇಷ್ಟೇ — ಕೈಯಲ್ಲಿರುವ ನಾಲ್ಕರಲ್ಲಿ ಎರಡೇ ಎಲೆ ಬಳಸಬೇಕು, ಮೇಜಿನ ಮೇಲಿನ ಐದರಲ್ಲಿ ಮೂರು. ಪಾಟ್‌ನಲ್ಲಿ ಅಂದರೆ ಎಲ್ಲರ ಪಣ ಸೇರಿದ ಗುಡ್ಡೆಯಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ಕಟ್ಟುವಂತಿಲ್ಲ. ಇಷ್ಟು ನನಗೆ ಮೊದಲೇ ಗೊತ್ತಿತ್ತು.

ತಂಗಿ ಬಂದಿದ್ದಳು. ಹಾಳೆ ತುಂಬ ಲೆಕ್ಕ ನೋಡಿ ಕೇಳಿದಳು: "ಅಕ್ಕಾ, ಭಾವನ ಜೊತೆ ಇದ್ದಾಗ ಅವರ ಬಗ್ಗೆ ಇಷ್ಟು ಯೋಚನೆ ಮಾಡಿದ್ಯಾ?"

ಹಾಳೆ ಮಡಚಿ ಪುಸ್ತಕದೊಳಗೆ ತುರುಕಿದೆ. ಭಾವನಂತೆ, ಭಾವ. ಯಾವ ಸೀಮೆ ಭಾವ?

ಮಾರ್ಚ್ 12

ದಪ್ಪದ್ದು ಕೊಟ್ಟು ತೆಳ್ಳಗಿನದು ತಂದೆ. ಅಂಗಡಿಯಾಕೆ ನಗಲಿಲ್ಲ, ಪುಣ್ಯಕ್ಕೆ.

ಅವತ್ತು ಗೀಚಿದ್ದನ್ನು ಓದಿರಲಿಲ್ಲ, ಬಸ್ಸಿನಲ್ಲಿ ತೆರೆದೆ. ಪೆನ್ಸಿಲ್ ಅಕ್ಷರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಅವನದು. ಎಂಟು ವರ್ಷ ಹಾಲಿನ ಚೀಟಿ, ದಿನಸಿ ಪಟ್ಟಿಯಲ್ಲಿ ನೋಡಿದ ಅದೇ ಬಾಗಿದ ಅಕ್ಷರ. ನಾನು ಮನೆ ಬಿಟ್ಟ ಮೇಲೆ ಹಳೇ ಪುಸ್ತಕಗಳ ಜೊತೆ ಮಾರಿರಬೇಕು.

ಪುಟ 31: "ಇವಳು ಎರಡು ಎಕ್ಕ ಬಂದರೆ ಬಿಡುವುದಿಲ್ಲ. ಕಾಯಬೇಕು."

ಇವಳು ಎಂದರೆ ನಾನು. ಮನೆಯಲ್ಲಿ ಊಟದ ಮೇಜಿನ ಮೇಲೆ ಶರ್ಟಿನ ಗುಂಡಿ ಪಣಕ್ಕಿಟ್ಟುಕೊಂಡು ಎರಡೆಲೆ ಆಟವನ್ನಷ್ಟೇ ಆಡುತ್ತಿದ್ದೆವು. ಆದರೆ ಅವನು ಓದಿದ ಪ್ರತಿ ಪಾಠಕ್ಕೂ ಉದಾಹರಣೆ ನಾನೇ.

ಪುಟ 58: "ನಗಿಸಿದರೆ ಯೋಚಿಸದೆ ಕಟ್ಟುತ್ತಾಳೆ."

ಇಳಿಯುವ ಸ್ಟಾಪ್ ದಾಟಿ ಹೋಗಿತ್ತು.

ಮಾರ್ಚ್ 25

ಎರಡು ಸಲ ಓದಿ ಮುಗಿಸಿದೆ. ಒಳ್ಳೆಯ ಪುಸ್ತಕ. ಅದೇ ಇನ್ನಷ್ಟು ಉರಿಸುತ್ತದೆ. ರಬ್ಬರ್ ಕೈಯಲ್ಲಿ ಹಿಡಿದು ಕೂತಿದ್ದೆ. ಒಂದಕ್ಷರವನ್ನೂ ಅಳಿಸಲಿಲ್ಲ.

ಏಪ್ರಿಲ್ 6, ಭಾನುವಾರ, ಸಂಜೆ

ಕ್ಲಬ್ಬಿಗೆ ಹೋದೆ. ಅವನ ಎದುರಿಗೇ ಕುರ್ಚಿ ಎಳೆದುಕೊಂಡೆ.

ಐದನೇ ಸುತ್ತಿಗೆ ಎರಡು ಎಕ್ಕ. ಜೊತೆಗೆ ಕೆಲಸಕ್ಕೆ ಬಾರದ ಎರಡು ಚಿಲ್ಲರೆ ಎಲೆ. ಮೇಜಿನ ಮೇಲೆ ಎಂಟು, ಒಂಬತ್ತು, ಹತ್ತು ಬಿದ್ದವು. ಆಗ ಶುರು ಮಾಡಿದ — ಕ್ಲಬ್ಬಿನ ಕಾರ್ಯದರ್ಶಿ ಮೀಟಿಂಗಿನಲ್ಲಿ ನಿದ್ದೆಗಣ್ಣಲ್ಲಿ ಕೈ ಎತ್ತಿ ತನ್ನ ವಿರುದ್ಧವೇ ವೋಟು ಹಾಕಿದ ಕಥೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ಗಂಟಲಿನವರೆಗೆ ಬಂತು. ನಗುತ್ತಲೇ ಅವನು ಪಾಟ್ ಇದ್ದಷ್ಟೂ ಪಣ ಕಟ್ಟಿದ.

ಎಕ್ಕಗಳನ್ನು ಎಲ್ಲರಿಗೂ ಕಾಣುವಂತೆ ಅಂಗಾತ ಇಟ್ಟು, ಪ್ಯಾಕ್, ಈ ಸುತ್ತು ಬಿಟ್ಟೆ ಎಂದೆ.

ಅವನು ನನ್ನ ಎಕ್ಕಗಳನ್ನೇ ನೋಡಿದ. ತನ್ನ ಎಲೆ ತಿರುಗಿಸಿದ. ಗುಲಾಮ, ರಾಣಿ. ಎಂಟರಿಂದ ರಾಣಿಯವರೆಗೆ ಸಾಲು ಕೂಡಿತ್ತು. ಕಟ್ಟಿದ್ದರೆ ಮುಗಿದೇ ಹೋಗುತ್ತಿದ್ದೆ.

"ಯಾವ ಪುಸ್ತಕ ಓದಿದೆ?"

"ನಿಂದೇ."

ಮುಂದೆ ಎರಡು ಸುತ್ತು ಅವನು ತಪ್ಪಾಗಿ ಆಡಿ ಸೋತ. ನಾನು ಚಹಾ ತರಿಸಿಕೊಂಡು ಕುಡಿದೆ.

ಏಪ್ರಿಲ್ 7

ನಮ್ಮ ಕನ್ನಡಕದಂಗಡಿಗೆ ಬಂದ. ಫ್ರೇಮಿನ ಸ್ಕ್ರೂ ಸಡಿಲವಂತೆ. ನೆಪ. ಪುಸ್ತಕ ವಾಪಸ್ ಕೊಡು, ಅದು ನನ್ನ ಖಾಸಗಿ ಎಂದ. ಮಾರಿದ ಮೇಲೆ ಎಂಥ ಖಾಸಗಿ ಎಂದು ಕೇಳಿದೆ. ಮಾಲೀಕರು ಒಳಗೆ ಹೋದರು, ಅವರಿಗೆ ಎಲ್ಲ ತಿಳಿಯುತ್ತದೆ.

ಸ್ಕ್ರೂ ಬಿಗಿ ಮಾಡುತ್ತ, ತಲೆ ಎತ್ತದೆ ಕೇಳಿದೆ: "ನಗಿಸ್ತಿದ್ದದ್ದೆಲ್ಲ ಆಟಕ್ಕಾ?"

ಇಲ್ಲ ಎಂದು ಅವನು ಸುಳ್ಳು ಹೇಳಬಹುದಿತ್ತು. ಅಷ್ಟಾದರೂ ಮರ್ಯಾದೆ ಬೇಡವೇ ಮನುಷ್ಯನಿಗೆ. ಗೋಡೆಯ ಮೇಲಿನ ಅಕ್ಷರದ ಚಾರ್ಟ್ ನೋಡುತ್ತ ನಿಂತ. ಆಮೇಲೆ ಹೇಳಿದ: "ಮೊದಮೊದಲು ಅಲ್ಲ."

ಕನ್ನಡಕ ಕೈಗೆ ಕೊಟ್ಟೆ. ಹೋದ.

ಏಪ್ರಿಲ್ 9, ಬೆಳಗ್ಗೆ

ತೆಳ್ಳಗಿನ ಪುಸ್ತಕವನ್ನು ಪಾರ್ಸೆಲ್ ಮಾಡಿ ಅವನ ವಿಳಾಸಕ್ಕೆ ಕಳಿಸಿದೆ. ಅಂಗಡಿಯಾಕೆಗೆ ಫೋನ್ ಮಾಡಿ ಅದರದೇ ಹೊಸ ಪ್ರತಿ ತರಿಸಲು ಹೇಳಿದೆ. ಯಾರೂ ಗೀಚಿರಬಾರದು ಎಂದು ಎರಡು ಸಲ ಹೇಳಿದೆ. ಹೊಸದರಲ್ಲಿ ಯಾರು ಗೀಚುತ್ತಾರೆ ಮೇಡಂ ಎಂದಳು.

ಮೊದಮೊದಲು ಎಂದರೆ ಎಲ್ಲಿಯವರೆಗೆ? ಒಂದು ವರ್ಷ? ಎರಡು? ಆ ಪ್ರವಾಸ, ಬಸ್ಸು ಕೆಟ್ಟು ರಸ್ತೆ ಬದಿಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದು, ಅದು ಮೊದಮೊದಲಿನದೋ ಆಮೇಲಿನದೋ...

ಕೇಳುವುದಿಲ್ಲ. ಸತ್ತರೂ ಕೇಳುವುದಿಲ್ಲ. ಭಾನುವಾರ ಅವನು ಎದುರಿಗೆ ಕೂತು ಮತ್ತೆ ಏನಾದರೂ ನಗಿಸುವ ಕಥೆ ತೆಗೆದರೆ ನಾನು —