ಬಲಗಡೆಯ ಚಕ್ರ

ನವೆಂಬರ್ ೧೦, ಭಾನುವಾರ ಬೆಳಿಗ್ಗೆ

ಪ್ರೀತಿಯ ಬುಗುರಿ,

ನಾವು ಇಲ್ಲಿ ಚೆನ್ನಾಗಿದ್ದೇವೆ. ನೀನು, ನಿನ್ನ ಹೆಂಡತಿ, ಮಗಳು ಮೂವರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಗ್ಯಾರೇಜಿನಲ್ಲಿ ಕೆಲಸ ಜಾಸ್ತಿ ಇತ್ತೆಂದು ಬರೆಯಬಹುದು, ಆದರೆ ನೀನು ನಂಬುವವನಲ್ಲ. ನಲವತ್ತೇಳು ವರ್ಷದ ಗಂಡಸನ್ನು ಬುಗುರಿ ಎಂದು ಕರೆಯುವುದಕ್ಕೂ ಬೇಸರ ಬೇಡ. ಬೇರೆ ಹೆಸರಿನಿಂದ ಶುರುಮಾಡಿ ನೋಡಿದೆ, ವಿಮಾ ಕಂಪನಿಯವರು ಬರೆದ ಹಾಗೆ ಕಂಡಿತು. ಹರಿದುಹಾಕಿದೆ.

ಅಮ್ಮನ ಆರೋಗ್ಯ ಪರವಾಗಿಲ್ಲ. ಸೊಂಟದ ನೋವು ಚಳಿಗೆ ಸ್ವಲ್ಪ ಜಾಸ್ತಿ. ಕೋಲನ್ನು ಈಗ ನಡೆಯುವುದಕ್ಕಿಂತ ಜಾಸ್ತಿ ನನ್ನ ಕಡೆ ತೋರಿಸುವುದಕ್ಕೆ ಬಳಸುತ್ತಾಳೆ. ಕಿವಿ ಚುರುಕಾಗಿದೆ, ಬಾಯಿ ಅದಕ್ಕಿಂತ ಚುರುಕು. ನಿನ್ನ ಪತ್ರವನ್ನು ಎರಡು ಸಲ ಓದಿಸಿಕೊಂಡಳು. “ಒಂದು ವಾರ ಇರ್ತೀನಿ ಅಂತ ಬರ್ದಿದಾನಾ? ಸರಿಯಾಗಿ ನೋಡಿ ಹೇಳು” ಎಂದು ಕೇಳಿದಳು. ಹೌದಮ್ಮ, ಒಂದು ವಾರ, ಎಂದೆ. ಅದರ ಕೆಳಗಿನ ಸಾಲನ್ನು ನಾನು ಓದಲಿಲ್ಲ, ಆದರೂ ಅವಳೇ ಕೇಳಿದಳು: “ಕಾರು ಅಲ್ಲಿರಬಾರದು ಅಂತಾನೂ ಬರ್ದಿರ್ಬೇಕಲ್ಲ?” ಅಪಘಾತವಾಗಿ ಕಳೆದ ಹನ್ನೊಂದು ವರ್ಷದಲ್ಲಿ ನೀನು ಇಟ್ಟ ಒಂದೇ ಒಂದು ಷರತ್ತು ಅದು. ತಪ್ಪೇನೂ ಇಲ್ಲ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಾಗ ಮುಂದಿನ ಬಲಗಡೆಯ ಚಕ್ರ ಕಳಚಿಕೊಂಡು, ಕಾರಿಗಿಂತ ಮುಂಚೆ ಅದೇ ಓಡಿಹೋಗಿ ಚರಂಡಿಗೆ ಬಿದ್ದದ್ದನ್ನು ನೋಡಿದವನು ನೀನು. ಅಂಥ ಕಾರಿನ ಮುಖ ಯಾಕೆ ನೋಡಬೇಕು? ಮಾರಿಬಿಡೋಣ ಎಂದು ನಾನೂ ತೀರ್ಮಾನಿಸಿದೆ.

ಗಿರಾಕಿ ಸಿಕ್ಕಿದ್ದು ಸುಲಭವಾಗಿ. ನನ್ನ ಹಲ್ಲು ಕಿತ್ತ ಡಾಕ್ಟರು. ಬಾಯಲ್ಲಿ ಹತ್ತಿ ತುರುಕಿ, ನಾನು ಉತ್ತರ ಕೊಡಲಾಗದ ಹೊತ್ತು ನೋಡಿಕೊಂಡು, “ನಿಮ್ಮ ಶೆಡ್ಡಲ್ಲಿ ಹಳೇ ಬ್ರಿಟಿಷ್ ಕಾರು ಇದೆಯಂತೆ” ಎಂದರು. ತಲೆಯಾಡಿಸಿದೆ. ಅವರಿಗೆ ಚಿಕ್ಕಂದಿನಿಂದಲೂ ಸೈಕಲ್ಲಿನ ಹಾಗೆ ತಂತಿ ಕಡ್ಡಿಯ ಚಕ್ರ ಇರುವ, ಮೇಲ್ಛಾವಣಿ ಮಡಚಿ ತೆರೆಯುವ, ಇಬ್ಬರೇ ಕೂರುವ ಕಾರಿನ ಹುಚ್ಚಂತೆ. ಬಂದು ನೋಡಿದರು. ಟಾರ್ಪಾಲು ತೆಗೆದಾಗ ಧೂಳಿಗೆ ಇಬ್ಬರೂ ಸೀನಿದೆವು. ಹಸಿರು ಬಣ್ಣ ಮಾಸಿಲ್ಲ. ಇಂಜಿನ್ನು ಮೂರನೇ ಪ್ರಯತ್ನಕ್ಕೆ ಎದ್ದಿತು, ಮುದುಕಿ ಗಟ್ಟಿಗಿತ್ತಿ. ಆದರೆ ಚಕ್ರಗಳ ಗತಿ ಕೇಳಬೇಡ. ಕಡ್ಡಿಗಳಿಗೆ ತುಕ್ಕು ಹಿಡಿದು, ಬೆರಳು ತಾಗಿಸಿದರೆ ಕೆಲವು ಅಲ್ಲಾಡುತ್ತಿದ್ದವು. ಡಾಕ್ಟರು ಒಂದೇ ಮಾತು ಹೇಳಿದರು. ಸ್ಟೆಪ್ನಿ ಸೇರಿ ಐದೂ ಚಕ್ರ ಹೊಸದು, ಐದೂ ಟೈರು ಹೊಸದು, ಆಮೇಲೆ ತಗೊಂಡು ಹೋಗ್ತೀನಿ.

ಇಲ್ಲಿಂದ ಮುಂದೆ ನಿನಗೆ ಬೇಡದ ವಿವರ ಬರೆಯುತ್ತೇನೆ. ಓದು. ನಿನ್ನಷ್ಟು ಈ ಕಾರನ್ನು ಬಲ್ಲವರು ಬೇರೆ ಯಾರಿದ್ದಾರೆ, ಯಾರಿಗೆ ಬರೆಯಲಿ?

ಚಕ್ರದ ಮೇಷ್ಟ್ರನ್ನು ಕರೆಸಿದೆ. ಅಪ್ಪನ ಕಾಲದಿಂದ ತಂತಿ ಚಕ್ರ ಕಟ್ಟಿಕೊಂಡು ಬಂದವರು. ಈಗ ಎಂಬತ್ತರ ಹತ್ತಿರ, ಕಣ್ಣು ಮಂಜು, ಆದರೆ ಕಡ್ಡಿಯನ್ನು ಉಗುರಿನಿಂದ ಮೀಟಿ ಶಬ್ದದಲ್ಲೇ ಬಿಗಿ ಹೇಳುತ್ತಾರೆ. ಹಳೆಯ ಚಕ್ರವೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಹತ್ತು ಕಡ್ಡಿ ಮೀಟಿ, “ಇದಕ್ಕೆ ರಿಪೇರಿ ಬೇಡಮ್ಮ, ಸಂಸ್ಕಾರ ಮಾಡಿ” ಎಂದರು. ಹೊಸದರಲ್ಲಿ ಎರಡು ಜಾತಿ ಇತ್ತು, ಅರವತ್ತು ಕಡ್ಡಿಯದು, ಎಪ್ಪತ್ತೆರಡು ಕಡ್ಡಿಯದು. ಡಾಕ್ಟರು ಮೊದಲ ಜಾತಿಯದೇ ಇರಲಿ, ಆದರೆ ಫಳಫಳ ಹೊಳೆಯುವ ಕ್ರೋಮು ಬೇಕು ಎಂದರು. ಮೇಷ್ಟ್ರು ಎಪ್ಪತ್ತೆರಡು ಕಡ್ಡಿಯದು, ಬೂದು ಬಣ್ಣ ಬಳಿದದ್ದು, ಅಂದರು. ಕ್ರೋಮು ಮಾಡಿದ ಕಡ್ಡಿಯಲ್ಲಿ ಬಿರುಕು ಕಾಣುವುದಿಲ್ಲ, ಬಣ್ಣದ ಕಡ್ಡಿಯಲ್ಲಿ ತುಕ್ಕಿನ ಗೆರೆ ಎದ್ದು ಕಾಣುತ್ತದೆ, ಅದು ಅವರ ವಾದ. “ಹಲ್ಲಿಗೆ ಚಿನ್ನ ಕಟ್ಟೋ ಮುಂಚೆ ಹುಳುಕು ನೋಡಲ್ವಾ ನೀವು?” ಎಂದು ಕೇಳಿದರು. ಡಾಕ್ಟರು ಬಾಯಿ ಮುಚ್ಚಿಕೊಂಡು ಬೂದು ಬಣ್ಣದ್ದಕ್ಕೇ ಒಪ್ಪಿದರು. ನನಗೆ ಬಹಳ ಖುಷಿಯಾಯಿತು.

ಟೈರಿನದು ಇನ್ನೊಂದು ರಾಮಾಯಣ. ಡಾಕ್ಟರಿಗೆ ಅಗಲದ ಟೈರು ಬೇಕು, ರಸ್ತೆಗೆ ಅಂಟಿಕೊಂಡು ಹೋಗಬೇಕಂತೆ. ಅಗಲ ಹಾಕಿದರೆ ಸ್ಟೀರಿಂಗು ಕಲ್ಲಿನಷ್ಟು ಭಾರ, ತಿರುವಿನಲ್ಲಿ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಒಪ್ಪಿಸುವುದಕ್ಕೆ ಎರಡು ಭಾನುವಾರ ಹಿಡಿಯಿತು. ಕಡೆಗೆ ಮೊದಲಿದ್ದ ಅಳತೆಯ ಕಿರಿದಾದ ರೇಡಿಯಲ್ ಟೈರೇ ಆಯಿತು. ಟೈರಿನ ಅಂಗಡಿಯವನು ಹೊಳೆಯುವ ಐದು ಟೈರು ತಂದು ಸಾಲಾಗಿ ನಿಲ್ಲಿಸಿದ. ನಾನು ಬಗ್ಗಿ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಓದಿದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಒಂಬತ್ತು ವರ್ಷದ ಹಿಂದಿನ ಸರಕು. “ಒಂದು ದಿನಾನೂ ಓಡಿಲ್ಲ ಮೇಡಂ, ಗೋಣೀಲಿ ಸುತ್ತಿ ಇಟ್ಟಿದ್ದು” ಎಂದ. ಸುತ್ತಿಟ್ಟರೂ ರಬ್ಬರಿಗೆ ವಯಸ್ಸಾಗುತ್ತಪ್ಪಾ, ನಿನ್ನನ್ನೂ ಸುತ್ತಿಟ್ಟು ನೋಡೋಣ, ಎಂದೆ. ಮುಖ ಊದಿಸಿಕೊಂಡು ವಾಪಸ್ ತಗೊಂಡು ಹೋದ. ಹೊಸ ಸರಕು ಬರಲು ಮೂರು ವಾರ. ತಂತಿ ಚಕ್ರವಾದ್ದರಿಂದ ಒಳಗೆ ಟ್ಯೂಬು ಇರಲೇಬೇಕು, ಕಡ್ಡಿಯ ತುದಿಗಳು ಚುಚ್ಚದ ಹಾಗೆ ರಿಮ್ಮಿನ ಸುತ್ತ ರಬ್ಬರಿನ ಪಟ್ಟಿ. ಟೈರಿನ ಒಳಮೈಗೆ ಅಂಟಿಸಿದ್ದ ಕಾಗದದ ಚೀಟಿಗಳನ್ನೆಲ್ಲ ನಾನೇ ಕೂತು ಕೆರೆದು ತೆಗೆದೆ. ಅಷ್ಟು ಸಣ್ಣ ಚೀಟಿ ಟ್ಯೂಬಿಗೆ ಉಜ್ಜಿ ಉಜ್ಜಿ ತೂತು ಮಾಡುತ್ತದೆ. ನನ್ನನ್ನು ಇಲ್ಲಿ ಎಲ್ಲರೂ ಇನ್ಸ್‌ಪೆಕ್ಟರಮ್ಮ ಎಂದು ಕರೆಯುವುದು ಸುಮ್ಮನೆ ಅಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಚಕ್ರದ ನಡುವಿನ ತೂತಿನ ಒಳಗೆ ಸಣ್ಣ ಹಲ್ಲುಗಳಿರುತ್ತವಲ್ಲ, ಅವು ಅಚ್ಚಿನ ತುದಿಯ ಹಬ್‌ನ ಹಲ್ಲಿಗೆ ಕೂತುಕೊಂಡೇ ಚಕ್ರ ನಿಲ್ಲುವುದು. ಹಬ್‌ನ ಹಲ್ಲು ಸವೆದಿದ್ದರೆ ಹೊಸ ಚಕ್ರವನ್ನೂ ಆರು ತಿಂಗಳಲ್ಲಿ ತಿಂದುಹಾಕುತ್ತದೆ. ಅದಕ್ಕೆ ಮೇಷ್ಟ್ರು ಹಬ್‌ಗಳನ್ನು ನೋಡಬೇಕೆಂದರು. ನಾನು ಬೇಡ, ಅವು ಸರಿಯಾಗಿವೆ ಎಂದೆ. ಅವರು ಕೇಳುವ ಮನುಷ್ಯರಲ್ಲ. ಮುಂದಿನ ಎರಡು ಹಬ್‌ಗಳ ಮೇಲೂ ಬೆರಳಾಡಿಸಿದರು. ಬಲಗಡೆಯದರ ಮೇಲೆ ಇನ್ನೊಂದು ಸಲ ಬೆರಳಾಡಿಸಿದರು. ಆಮೇಲೆ, “ಇದ್ಯಾರಮ್ಮ ಹಾಕಿದ್ದು?” ಎಂದು ಕೇಳಿದರು.

ಎಡಗಡೆಯ ಹಬ್ ಬಲಗಡೆಗೆ, ಬಲಗಡೆಯದು ಎಡಗಡೆಗೆ ಹಾಕಿತ್ತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಕ್ಷಮಿಸು. ಈ ಕಾರಿನಲ್ಲಿ ಚಕ್ರವನ್ನು ಹಿಡಿದಿಡುವುದು ನಡುವಿನ ಒಂದೇ ಒಂದು ನಟ್ಟು, ಕಿವಿಗಳಿರುವ ದೊಡ್ಡದು. ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡಬೇಕು. ಎಡಗಡೆಯ ನಟ್ಟು ಎಲ್ಲ ನಟ್ಟಿನ ಹಾಗೆ ಬಲಕ್ಕೆ ತಿರುಗಿ ಬಿಗಿಯಾಗುತ್ತದೆ, ಬಲಗಡೆಯದು ಎಡಕ್ಕೆ. ಓಡುವಾಗ ಚಕ್ರ ತನ್ನ ನಟ್ಟನ್ನು ತಾನೇ ಬಿಗಿದುಕೊಳ್ಳಲಿ ಎಂದು ಹಾಗೆ ಮಾಡಿದ್ದಾರೆ. ನಟ್ಟು ಕೂರುವ ತಿರುಪಿನ ಎಳೆ ಹಬ್ ಮೇಲೇ ಇರುವುದರಿಂದ, ಹಬ್ ಅದಲುಬದಲಾದರೆ ಎಲ್ಲ ತಿರುಗುಮುರುಗು. ಎಷ್ಟೇ ಬಲವಾಗಿ ಹೊಡೆದಿದ್ದರೂ ಓಡಿದಷ್ಟೂ ಸಡಿಲವಾಗುತ್ತಾ ಹೋಗುತ್ತದೆ. ನಟ್ಟಿನ ಮೇಲೆ ಯಾವ ಕಡೆಯದೆಂದು ಕೆತ್ತಿದ್ದ ಅಕ್ಷರವನ್ನು ಪಾಲಿಶಿನವನು ಉಜ್ಜಿ ಅಳಿಸಿಹಾಕಿದ್ದ, ಹಾಗಾಗಿ ನಿನಗೂ ತಿಳಿಯುವಂತಿರಲಿಲ್ಲ.

ಆ ಹಬ್‌ಗಳನ್ನು ಹಾಕಿದವಳು ನಾನು. ನೀನು ಅಮ್ಮನನ್ನು ಕರೆದುಕೊಂಡು ಹೋದ ದಿನದ ಹಿಂದಿನ ಸಂಜೆ ಬೇರಿಂಗು ಬದಲಾಯಿಸಿ ಹಾಕಿದ್ದೆ. ಬೆಳಿಗ್ಗೆ ಚಕ್ರ ಹಾಕಿ ನಟ್ಟು ಬಿಗಿಯುವುದನ್ನು ನಿನಗೆ ಬಿಟ್ಟಿದ್ದೆ. ಬೆಂಚಿನ ಮೇಲೆ ಹಳೆಯ ಪೇಪರು ಹಾಸಿ, ಎಡ ಬಲ ಎಂದು ದೊಡ್ಡದಾಗಿ ಬರೆದು, ಅದರ ಮೇಲೇ ಇಟ್ಟಿದ್ದೆ. ಆದರೆ ಬರೆಯುವಾಗ ಕಾರಿನ ಮುಂದೆ, ಅದರ ಮೂತಿಗೆ ಎದುರಾಗಿ ನಿಂತಿದ್ದೆ. ನನ್ನ ಎಡ ಅದರ ಬಲ. ಅಪ್ಪ ಗ್ಯಾರೇಜಿಗೆ ಬಂದ ಪ್ರತಿಯೊಬ್ಬರಿಗೂ ಮೊದಲ ದಿನ ಹೇಳುತ್ತಿದ್ದದ್ದು ಅದೊಂದೇ, ಎಡ ಬಲ ಸೀಟಿನಲ್ಲಿ ಕೂತು ಹೇಳಬೇಕು, ನಿಂತು ಹೇಳಬಾರದು. ಅಪ್ಪನ ನಂತರ ಅದನ್ನು ಎಲ್ಲರಿಗೂ ಹೇಳಿ ಬೈಯುತ್ತಿದ್ದವಳು ನಾನೇ.

ಮೇಷ್ಟ್ರಿಗೆ “ನಾನೇ ಹಾಕಿದ್ದು” ಎಂದೆ. ಅವರು ಕೈ ಒರೆಸಿಕೊಂಡರು. “ಹಾಗಾದ್ರೆ ನಿನ್ನ ತಮ್ಮ ಏನೂ ಮಾಡ್ಲಿಲ್ಲ” ಎಂದರು. ಚರಂಡಿಯಲ್ಲಿ ಸಿಕ್ಕ ನಟ್ಟಿನ ಒಳಗಿನ ಎಳೆ ಸವೆದಿರಲಿಲ್ಲ, ಮುರಿದಿರಲಿಲ್ಲ. ಅದಕ್ಕೇ ಎಲ್ಲರೂ ನೀನು ಬಿಗಿ ಮಾಡುವುದನ್ನು ಮರೆತೆ ಎಂದರು. ಪೊಲೀಸರಿಗೆ ಹಾಗೆಂದು ಹೇಳಿದವಳೂ ನಾನೇ. ಇನ್ಸ್‌ಪೆಕ್ಟರಮ್ಮ ಹೇಳಿದ ಮೇಲೆ ಹಬ್ ಬಿಚ್ಚಿ ನೋಡುವವರು ಯಾರು?

ಅಮ್ಮನಿಗೆ ಅವತ್ತೇ ಹೇಳಿದೆ. ಅವಳು ಕಿಟಕಿಯ ಹತ್ತಿರ ಸ್ವೆಟರಿನ ಎಳೆ ಬಿಚ್ಚುತ್ತಾ ಕೂತಿದ್ದಳು. ನಾನು ಹೇಳುವುದು ಮುಗಿಯುವ ತನಕ ಕೈ ನಿಲ್ಲಿಸಲಿಲ್ಲ. ಆಮೇಲೆ ಉಂಡೆಯನ್ನು ಮಡಿಲಲ್ಲಿಟ್ಟು, “ಹನ್ನೊಂದು ವರ್ಷ ಅವನ್ನ ಮರೆಗುಳಿ ಅಂದೆನಲ್ಲೇ. ಅವನ ಮದುವೇಲೂ ಅಂದೆ. ಎಲ್ಲರ ಮುಂದೆ, ನಗ್ತಾ ನಗ್ತಾ ಅಂದೆ” ಎಂದಳು. ಸ್ವಲ್ಪ ಹೊತ್ತು ಅತ್ತಳು. ಅವಳು ಅಳುವುದನ್ನು ನಾನು ನೋಡಿ ಬಹಳ ವರ್ಷವಾಗಿತ್ತು. ಅಪಘಾತದಲ್ಲಿ ಸೊಂಟ ಮುರಿದಾಗಲೂ ಅತ್ತಿರಲಿಲ್ಲ. ಮುಖ ತೊಳೆದು ಬಂದು, “ಅವನಿಗೆ ಬರಿ. ಫೋನು ಮಾಡ್ಬೇಡ. ಫೋನಲ್ಲಿ ನೀನು ಎರಡೇ ಮಾತಲ್ಲಿ ಮುಗಿಸಿಬಿಡ್ತೀಯ” ಎಂದಳು. ಸರಿಯಾಗಿಯೇ ಹೇಳಿದಳು.

ಹಬ್‌ಗಳನ್ನು ಈಗ ಅವುಗಳ ಕಡೆಗೆ ಹಾಕಿದ್ದೇವೆ. ಹೊಸ ಚಕ್ರ, ಹೊಸ ಟೈರು ಕೂತಿವೆ. ನಿನ್ನೆ ನಾನೇ ಆಚೆ ಪೇಟೆಯ ತನಕ ಓಡಿಸಿ, ಇಳಿದು, ನಾಲ್ಕೂ ನಟ್ಟುಗಳನ್ನು ಹೊಡೆದು ನೋಡಿದೆ. ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಡಾಕ್ಟರಿಗೆ ಇನ್ನೊಂದು ತಿಂಗಳು ಕಾಯಿರಿ ಎಂದಿದ್ದೇನೆ, ಹಲ್ಲು ಕಡಿಯುತ್ತಿದ್ದಾರೆ. ಕಾರನ್ನು ಮಾರುವುದೋ ಬಿಡುವುದೋ ನೀನು ಹೇಳಿದ ಹಾಗೆ. ಮಾರು ಎಂದರೆ ಮರುದಿನವೇ ಇಲ್ಲಿರುವುದಿಲ್ಲ, ನೀನು ಬಂದು ಅಮ್ಮನ ಜೊತೆ ಒಂದು ವಾರ ಇರು. ನನ್ನ ಮುಖ ನೋಡುವುದಕ್ಕೆ ಮನಸ್ಸಿಲ್ಲದಿದ್ದರೆ ಅದನ್ನೂ ಬರೆ, ಆ ವಾರ ನಾನು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಇರುತ್ತೇನೆ. ಅಮ್ಮನಿಗೆ ಎಪ್ಪತ್ತೊಂಬತ್ತಾಯಿತು, ಅಷ್ಟು ಮಾತ್ರ ಲೆಕ್ಕಕ್ಕೆ ತಗೋ.

ನಿನ್ನ ಹೆಂಡತಿಗೆ ನನ್ನ ಪ್ರೀತಿ. ಮಗಳಿಗೆ ಅತ್ತೆಯ ಮುತ್ತು, ಅವಳು ಬೇಡವೆಂದರೂ ಕೊಡು. ನಿನಗೆ ಆಶೀರ್ವಾದ ಮಾಡುವ ಅರ್ಹತೆ ನನಗಿದೆಯೋ ಇಲ್ಲವೋ, ಆರು ವರ್ಷ ದೊಡ್ಡವಳು ಎಂಬ ಒಂದೇ ಕಾರಣಕ್ಕೆ ಮಾಡುತ್ತಿದ್ದೇನೆ. ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಬರೆದದ್ದನ್ನು ಓದಿದರೆ ಇದೆಲ್ಲ ನನಗೆ ಹೋದ ತಿಂಗಳು ಮೇಷ್ಟ್ರಿಂದ ಗೊತ್ತಾಯಿತು ಅನ್ನಿಸುತ್ತದೆ. ಅಮ್ಮನಿಗೂ ಹಾಗೇ ಹೇಳಿದ್ದೇನೆ. ಅದು ಸುಳ್ಳು. ಅಪಘಾತವಾದ ಮೂರನೇ ದಿನ ಕಾರನ್ನು ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದಾಗ, ಕಳಚದೆ ಉಳಿದಿದ್ದ ಎಡಗಡೆಯ ನಟ್ಟನ್ನು ಮುಟ್ಟಿ ನೋಡಿದೆ. ಅದೂ ಅರ್ಧ ಬಿಚ್ಚಿಕೊಂಡಿತ್ತು. ಯಾವ ಕಡೆಗೆ ತಿರುಗುತ್ತದೆಂದು ನೋಡಿದೆ, ಆಗಲೇ ತಿಳಿಯಿತು. ಮೇಲೆ ಟಾರ್ಪಾಲು ಹೊದಿಸಿ ನಿನ್ನನ್ನು ನೋಡಲು ಆಸ್ಪತ್ರೆಗೆ ಬಂದೆ. ನೀನು ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ. “ಅಕ್ಕಾ, ನಾನು ಬಿಗಿ ಮಾಡಿದ್ದೆ ಅಂತಾನೇ ನೆನಪು. ಮಾಡಿದ್ದೆ ತಾನೇ?” ಎಂದು ನನ್ನನ್ನು ಕೇಳಿದೆ. ನಾನು “ಮರೆತಿರ್ತೀಯ, ಬಿಡೋ” ಎಂದೆ. ನೀನು “ಹಾಗೇ ಇರ್ಬೇಕು” ಎಂದೆ. ಹೋದ ವರ್ಷ ನಿನ್ನ ಹೆಂಡತಿ ಫೋನಿನಲ್ಲಿ ನಗುತ್ತಾ ಹೇಳಿದಳು, ನೀನು ಮನೆಗೆ ಬೀಗ ಹಾಕಿದ ಮೇಲೆ ಬೀದಿಯ ತುದಿಯಿಂದ ಮೂರು ಸಲ ವಾಪಸ್ ಬಂದು ನೋಡುತ್ತೀಯಂತೆ. ನಾನೂ ನಕ್ಕೆ.

ಅಮ್ಮನಿಗೆ ಇದನ್ನು ಪತ್ರ ಡಬ್ಬಿಗೆ ಹಾಕಿ ಬಂದ ಮೇಲೆ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಿತ್ತು. ನೀನು ಮರೆತಿರಲಿಲ್ಲ ಬುಗುರಿ. ಆ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ, ಕಿಟಕಿ ತೆರೆದಿತ್ತು. ಬಲಗಡೆಯ ಚಕ್ರಕ್ಕೆ ನೀನು ಸುತ್ತಿಗೆಯಲ್ಲಿ ಐದು ಏಟು ಹೊಡೆದದ್ದು ನನಗೆ ಕೇಳಿಸಿತ್ತು.