ಮೂರನೆಯ ಚೌಕ

ನವೆಂಬರ್ 5, ಬುಧವಾರ
ಇನ್ನೂರ ಹನ್ನೆರಡು ಫಾರಂ ಕಂಪ್ಯೂಟರಿಗೆ ತುಂಬಿದೆ. ಕಣ್ಣುರಿ. ಹತ್ತೊಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಐದು ಚೌಕ. ಒಂದು ಅಂದರೆ ತುಂಬಾ ಬೇಸರ, ಐದು ಅಂದರೆ ತುಂಬಾ ತೃಪ್ತಿ. ಟೋಕಿಯೊದವರ ಪೆನ್ನು ಮೂರರ ಮೇಲೇ ಹೋಗಿ ನಿಲ್ಲುತ್ತದೆ — 'ಸಾಧಾರಣ'. ರೈಲು ಸಾಧಾರಣ. ನಲ್ಲಿ ನೀರು ಸಾಧಾರಣ. ಮುಂದೆಯೂ ಇಲ್ಲೇ ಇರಲು ಇಷ್ಟವೇ ಎಂಬ ಕೊನೆಯ ಪ್ರಶ್ನೆಗೂ ಸಾಧಾರಣ. ನಾನು ತುಂಬಿದ್ದರೂ ಹಾಗೇ ತುಂಬುತ್ತಿದ್ದೆ.

ಮನೆಗೆ ಬಂದಾಗ ನನ್ನ ಗಂಡ ತೆತ್ಸುರೋ ಮೂಲಂಗಿ ಬೇಯಿಸುತ್ತಿದ್ದರು. ನಿವೃತ್ತರಾದಾಗಿನಿಂದ ಅಡುಗೆ ಅವರದೇ. ದೂರದ ಕಡಲತೀರದ ತೊಯಾಮಾದಿಂದ ಅವರ ಅಣ್ಣ ಫೋನ್ ಮಾಡಿದ್ದರಂತೆ. ಅಲ್ಲಿ ಮೀನುಗಾರರ ಸಂಘದಲ್ಲಿ ಇವರಿಗೆ ವಾರಕ್ಕೆ ಮೂರು ದಿನದ ಕೆಲಸ, ಇರಲು ಮನೆ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು.

"ನಿನಗೆ ಹೇಗನ್ಸತ್ತೆ?"

"ನನಗೆ ಯಾವುದಾದ್ರೂ ಸರಿ" ಅಂದೆ.

ಮೂಲಂಗಿ ಚೆನ್ನಾಗಿತ್ತು. ಹೇಳಲಿಲ್ಲ.

ನವೆಂಬರ್ 7, ಶುಕ್ರವಾರ
ಜಗತ್ತಿನ ಉತ್ತಮ ನಗರಗಳ ಪಟ್ಟಿ — ಕರಡು ಅಂಕ ಬಂತು. ರೈಲು, ಆಸ್ಪತ್ರೆ, ಸುರಕ್ಷತೆಯಲ್ಲಿ ನಮ್ಮೂರು ಮೊದಲ ಮೂರರೊಳಗೆ. ಊಟದಲ್ಲಿ ಮೊದಲನೆಯದು. 'ನಿವಾಸಿಗಳ ತೃಪ್ತಿ'ಯಲ್ಲಿ ನಲವತ್ತೊಂದು. ಅದೊಂದರಿಂದ ಒಟ್ಟು ಸ್ಥಾನ ಮೂರರಿಂದ ಐದಕ್ಕೆ. ತೃಪ್ತಿಯ ಸಮೀಕ್ಷೆ ನಮ್ಮ ಕಂಪನಿಯದು. ವಿಭಾಗದ ಮುಖ್ಯಸ್ಥ ತ್ಸುಕುದಾ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕಾಗದ ಕೆಳಗಿಟ್ಟ.

"ಬೇರೆ ಊರಿನೋರು ರಸ್ತೆಗುಂಡೀಲಿ ನಿಂತು ಐದು ಹಾಕ್ತಾರೆ. ನಮ್ಮೋರು ಒಂದು ನಿಮಿಷ ತಪ್ಪದ ರೈಲಲ್ಲಿ ಕೂತು ಮೂರು ಹಾಕ್ತಾರೆ."

ಹತ್ತೊಂಬತ್ತಕ್ಕೂ ಮೂರು ಹಾಕಿದವರ ಮನೆಗೆ ಹೋಗಿ ಮತ್ತೊಮ್ಮೆ ಕೇಳಬೇಕು. ಒತ್ತಾಯಿಸಬಾರದು. ನನ್ನ ಪಾಲಿಗೆ ಮೂವತ್ತೆರಡು ಮನೆ.

ನವೆಂಬರ್ 13, ಗುರುವಾರ
ಇಪ್ಪತ್ತು ಮನೆ ಮುಗಿಯಿತು. ಎಲ್ಲರೂ ಕ್ಷಮೆ ಕೇಳಿದರು — ನನ್ನನ್ನು ಇಷ್ಟು ದೂರ ನಡೆಸಿದ್ದಕ್ಕೆ. ಉತ್ತರ ಬದಲಿಸಿದವರು ಇಬ್ಬರು. ಅದರಲ್ಲಿ ಒಬ್ಬಾಕೆ ಮೂರನ್ನು ಎರಡು ಮಾಡಿದರು.

ತೆತ್ಸುರೋ ಟೇಪು ಹಿಡಿದು ಕಪಾಟು ಅಳೆಯುತ್ತಿದ್ದರು. ಆ ಮನೆಗೆ ಸಾಗಿಸಲೆಂದು ಇರಬೇಕು.

ಹೋಗಲು ಇಷ್ಟವಿಲ್ಲ ನನಗೆ. ಈ ಊರಲ್ಲಿ ಮೂವತ್ತೊಂದು ವರ್ಷ. ಟ್ರಾಮಿನ ಗಂಟೆ. ಗುರುವಾರ ಲೈಬ್ರರಿಯಲ್ಲಿ ಅನುವಾದಗಳ ಕಪಾಟಿಗೆ ಬರುವ ಹೊಸ ಪುಸ್ತಕ... ಈ ಡೈರಿಯಲ್ಲಾದರೆ ಬರೆಯಬಲ್ಲೆ.

ನವೆಂಬರ್ 20, ಗುರುವಾರ
ಇವತ್ತಿನ ಮನೆ ಕಾನ್ಬೆ ಸಾನ್ ಅವರದು. ಎಂಬತ್ತನಾಲ್ಕು ವರ್ಷ. ತತಾಮಿ ಚಾಪೆ ಕಟ್ಟುತ್ತಿದ್ದವರು. ಟ್ರಾಮ್ ಹಳಿಗೆ ಅಂಟಿಕೊಂಡ ಮನೆ. ಗಾಡಿ ಹೋದಾಗಲೆಲ್ಲ ಬಟ್ಟಲು ನಡುಗುತ್ತದೆ. ಹುಟ್ಟಿದ್ದು ಇಲ್ಲೇ ಅಂತೆ, ಹೋಗು ಅಂದರೆ ಕಂಬ ತಬ್ಬಿಕೊಂಡು ಕೂರುತ್ತಾರಂತೆ. ಹಾಗಿದ್ದರೆ ಕೊನೆಯ ಪ್ರಶ್ನೆಗಾದರೂ ಐದು ಹಾಕಬಹುದಲ್ಲವೇ ಎಂದೆ.

"ನಮಗೆ ನಾವೇ ಐದು ಹಾಕ್ಕೊಳ್ಳೋದಾ? ನಾಚಿಕೆ ಆಗಲ್ವಾ?"

ಟೀ ಕೊಟ್ಟರು. ಗೋಡೆಗೂಡಿನಲ್ಲಿ ಹೆಂಡತಿಯ ಫೋಟೊ, ಅದರ ಮುಂದೆ ಪುಟ್ಟ ಬಟ್ಟಲಲ್ಲಿ ಅನ್ನ. ನಾನು ನೋಡಿದ್ದನ್ನು ನೋಡಿದರು.

"ಇವಳ ಅಡುಗೇಗೂ ನಲವತ್ತಾರು ವರ್ಷ 'ಸಾಧಾರಣ' ಅಂತಲೇ ಅಂದೆ. ಅರ್ಥ ಆಗತ್ತೆ ಅನ್ಕೊಂಡಿದ್ದೆ. ಕಡೇಗೆ ಆಸ್ಪತ್ರೇಲಿ ಅಂದ್ಲು — ನಿಮಗೆ ರುಚಿಯಾಗಿ ಒಂದು ದಿನಾನೂ ಮಾಡಿಹಾಕೋಕೆ ಆಗ್ಲಿಲ್ಲ, ಕ್ಷಮಿಸಿ ಅಂತ."

ಟ್ರಾಮ್ ಹೋಯಿತು. ಬಟ್ಟಲು ನಡುಗಿತು.

"ನೀವು ಮೂರೇ ಬರ್ಕೊಳ್ಳಿ, ಇನಗಾಕಿ ಸಾನ್. ಊರು ಅಪಾರ್ಥ ಮಾಡ್ಕೊಳ್ಳಲ್ಲ."

ಬರುವಾಗ ಟ್ರಾಮಿನಲ್ಲಿ ಲೈಬ್ರರಿಯ ಪುಸ್ತಕ ತೆರೆದೆ. ಯಾವುದೋ ದೂರದ ದೇಶದ ಹೆಂಗಸು, ಬೆಳಗಿನ ತಿಂಡಿಯ ಮುಂದೆ, ಗಂಡನಿಗೆ 'ನಾನು ಬರುವುದಿಲ್ಲ' ಎನ್ನುತ್ತಾಳೆ. ಎರಡೇ ಪದ. ಅದೇ ಪುಟದಲ್ಲಿ ಉಳಿದೆ. ನನ್ನ ಸ್ಟಾಪ್ ದಾಟಿಹೋಯಿತು.

ನವೆಂಬರ್ 28, ಶುಕ್ರವಾರ
ವರದಿ ಕೊಟ್ಟೆ. ಉತ್ತರ ಬದಲಿಸಿದವರು ಮೂವತ್ತೆರಡರಲ್ಲಿ ಮೂವರು. ಹಾಗಾದರೆ ಐದನೆಯ ಸ್ಥಾನವೇ ಗತಿ ಎಂದ ತ್ಸುಕುದಾ. ಸಿಟ್ಟಿರಲಿಲ್ಲ. ತನ್ನಮ್ಮನೂ ಮೂರೇ ಹಾಕುತ್ತಿದ್ದಳಂತೆ.

ತೆತ್ಸುರೋ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಣ್ಣನಿಗೆ ಫೋನ್ ಮಾಡುತ್ತಾರೆ.

"ಬರ್ತೀವಿ ಅಂದ್ಬಿಡ್ತೀನಿ. ಇಲ್ಲಿ ನಿನ್ನನ್ನ ಹಿಡಿದಿಡೋ ಅಂಥದ್ದೇನೂ ಇಲ್ಲ ಅಲ್ವಾ?"

ಬಾಯಿ ತೆರೆದೆ. ಟೀ ಬೇಕಾ ಎಂದು ಕೇಳಿದೆ.

ನವೆಂಬರ್ 30, ಭಾನುವಾರ. ಬೆಳಿಗ್ಗೆ 6:40
ಚೀಲದಲ್ಲಿ ಖಾಲಿ ಫಾರಂ ಒಂದು ಉಳಿದಿತ್ತು. ಸಮೀಕ್ಷೆ ಮುಗಿದಿದೆ, ಇದು ಯಾವ ಪಟ್ಟಿಗೂ ಸೇರುವುದಿಲ್ಲ. ತುಂಬಿದೆ. ರೈಲು — ಮೂರು. ನೀರು — ಮೂರು. ಹದಿನೆಂಟರವರೆಗೂ ಮೂರೇ, ಸುಳ್ಳು ಹೇಳಲಾರೆ. ಹತ್ತೊಂಬತ್ತು: ಮುಂದೆಯೂ ಇದೇ ನಗರದಲ್ಲಿ ಇರಲು ಇಷ್ಟವೇ?

ಐದು. ಪೆನ್ನು ಒತ್ತಿದ್ದು ಹಿಂಬದಿಗೂ ಮೂಡಿದೆ.

ಬೇರೆ ಏನಾದರೂ ಹೇಳುವುದಿದ್ದರೆ ಎಂದು ಕೆಳಗೆ ಎರಡು ಗೆರೆ ಜಾಗವಿದೆ. ಮೂಲಂಗಿ ತುಂಬಾ ಚೆನ್ನಾಗಿತ್ತು ಎಂದು ಬರೆದೆ.

ಅವರ ಟೀ ಬಟ್ಟಲಿನ ಕೆಳಗೆ ಇಟ್ಟಿದ್ದೇನೆ.

7:15
ಎದ್ದರು. ಕನ್ನಡಕ ಹುಡುಕುತ್ತಿದ್ದಾರೆ. ಸಿಕ್ಕಿತು. ನಾನು ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿ, ಇದನ್ನು ಬರೆಯುತ್ತಿದ್ದೇನೆ. ಮೊದಲ ಪ್ರಶ್ನೆಯಿಂದಲೇ ಗಟ್ಟಿಯಾಗಿ ಓದುತ್ತಿದ್ದಾರೆ, ಒಂದೊಂದಾಗಿ, ಆಫೀಸಿನಲ್ಲಿ ಓದುತ್ತಿದ್ದ ಹಾಗೆ. ಹದಿನಾರು, ಸಾಧಾರಣ. ಹದಿನೇಳು, ಸಾಧಾರಣ. ಹದಿನೆಂಟು —